ಶೇ 10ರ ಡಿವಿಡೆಂಡ್ ಕೊಡುವ ವಿಮಾ ಷೇರು: ಆ ದುಡ್ಡು ಎಲ್ಲಿಂದ ಬರುತ್ತದೆ?

2022ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಕೊರೆಯುವ ಚಳಿ ಬಿತ್ತು. ಮನೆಗಳ ಪೈಪುಗಳಲ್ಲಿ ನೀರು ಹೆಪ್ಪುಗಟ್ಟಿತು. ನೀರು ಗಡ್ಡೆಯಾದಾಗ ಹಿಗ್ಗುತ್ತದೆ, ಪೈಪು ಸೀಳುತ್ತದೆ. ಚಳಿ ಇಳಿದು ಗಡ್ಡೆ ಕರಗಿದ ಮೇಲೆ ಸೀಳಿದ ಪೈಪಿನಿಂದ ನೀರು ಸುರಿದು ನೆಲ, ಗೋಡೆ, ಚಾವಣಿ ಎಲ್ಲ ಹಾಳಾದವು. ಜನ ತಮ್ಮ ವಿಮಾ ಕಂಪನಿಗೆ ಫೋನ್ ಮಾಡಿದರು.

2023ರ ಜನವರಿ 11ರ ಬೆಳಿಗ್ಗೆ ಡೈರೆಕ್ಟ್ ಲೈನ್ ಎಂಬ ವಿಮಾ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಆ ಚಳಿಯ ಕ್ಲೇಮುಗಳೇ ಸುಮಾರು 9 ಕೋಟಿ ಪೌಂಡ್. ಹವಾಮಾನದ ಕ್ಲೇಮುಗಳಿಗೆಂದು ಇಡೀ ವರ್ಷಕ್ಕೆ ಇಟ್ಟುಕೊಂಡಿದ್ದ ಅಂದಾಜು 7.3 ಕೋಟಿ, ಆಗಲಿರುವುದು ಸುಮಾರು 14 ಕೋಟಿ. ಆದ್ದರಿಂದ 2022ಕ್ಕೆ ಅಂತಿಮ ಡಿವಿಡೆಂಡ್, ಅಂದರೆ ಷೇರುದಾರರಿಗೆ ಹಂಚುವ ಹಣದ ಕೊನೆಯ ಕಂತು, ಇರುವುದಿಲ್ಲ. ಅಂದೇ ಷೇರಿನ ಬೆಲೆ ಕಾಲು ಭಾಗದ ಹತ್ತಿರ ಕುಸಿಯಿತು.

2021ಕ್ಕೆ ಈ ಕಂಪನಿ ಒಂದು ಷೇರಿಗೆ 22.7 ಪೆನ್ಸ್ (100 ಪೆನ್ಸ್ ಅಂದರೆ ಒಂದು ಪೌಂಡ್) ಕೊಟ್ಟಿತ್ತು. 2022ರ ಕೊನೆಯ ಬೆಲೆಗೆ ಲೆಕ್ಕ ಹಾಕಿದರೆ ಇಳುವರಿ, ಅಂದರೆ ಷೇರಿನ ಬೆಲೆಯಲ್ಲಿ ಡಿವಿಡೆಂಡಿನ ಪಾಲು, ಶೇ 10ರ ಆಸುಪಾಸು. ಬ್ಯಾಂಕ್ ಬಡ್ಡಿಗಿಂತ ಎಷ್ಟೋ ಜಾಸ್ತಿ. ಕಾರಿಗೂ ಮನೆಗೂ ವಿಮೆ ಕೊಡುವ, ಎಲ್ಲರಿಗೂ ಗೊತ್ತಿರುವ ಹೆಸರು. ನಿವೃತ್ತಿಯ ಹಣ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ ಅನ್ನಿಸುವಂಥ ಷೇರು ಅದು.

ಪೈಪು ಒಡೆದದ್ದು ಕೊನೆಯ ಏಟು, ಅಷ್ಟೇ. ನಿಜವಾದ ಪೆಟ್ಟು ಬಿದ್ದಿದ್ದು ಕಾರು ವಿಮೆಯಲ್ಲಿ. 2021 ಮತ್ತು 2022ರಲ್ಲಿ ಹಳೆ ಕಾರುಗಳ ಬೆಲೆ ಏರಿತು, ಬಿಡಿಭಾಗಗಳ ಬೆಲೆ ಏರಿತು, ಗ್ಯಾರೇಜಿನ ಕೂಲಿ ಏರಿತು. ಆದರೆ ಒಂದು ವರ್ಷದ ಪಾಲಿಸಿಗೆ ಪ್ರೀಮಿಯಂ ತೆಗೆದುಕೊಂಡಾಗಿತ್ತು. ಹಳೆಯ ಬೆಲೆಗೆ ಒಪ್ಪಿಕೊಂಡ ಕೆಲಸವನ್ನು ಹೊಸ ಬೆಲೆಗೆ ಮಾಡಿಕೊಡಬೇಕಾಯಿತು. ಅದೇ 2022ರಲ್ಲಿ ಕಂಪನಿ 5 ಕೋಟಿ ಪೌಂಡ್ ಖರ್ಚು ಮಾಡಿ ತನ್ನದೇ ಷೇರುಗಳನ್ನು ಮರಳಿ ಕೊಂಡಿತ್ತು. ಕೆಲವೇ ತಿಂಗಳಲ್ಲಿ ಆ ದುಡ್ಡು ತನಗೇ ಬೇಕಾಗುತ್ತದೆ ಎಂದು ಅದಕ್ಕೂ ಹೊಳೆದಿರಲಿಲ್ಲ.

ಈ ಕೊನೆಯ ವಾಕ್ಯವನ್ನು ನಾನು ದೂರಿಗಾಗಿ ಬರೆಯುತ್ತಿಲ್ಲ. ವಿಮಾ ಷೇರಿನ ಅಪಾಯ ಇರುವುದೇ ಅಲ್ಲಿ. ವರ್ಷದ ಲಾಭ ಎಷ್ಟು ಎಂಬುದು ಆ ವರ್ಷ ಮುಗಿದಾಗ ಕಂಪನಿಗೇ ಪೂರ್ತಿ ಗೊತ್ತಿರುವುದಿಲ್ಲ. ಆದರೂ ಅದರ ಮೇಲೆ ಡಿವಿಡೆಂಡ್ ಹಂಚಬೇಕು.

ಮೊದಲು ಬೆಲೆ, ಆಮೇಲೆ ಖರ್ಚು

ಬೇರೆ ವ್ಯಾಪಾರಗಳಲ್ಲಿ ಮೊದಲು ಸಾಮಾನು ತಯಾರಾಗುತ್ತದೆ. ಅದಕ್ಕೆ ಎಷ್ಟು ಖರ್ಚಾಯಿತು ಎಂದು ನೋಡಿ ಬೆಲೆ ಇಡುತ್ತಾರೆ. ವಿಮೆಯಲ್ಲಿ ಇದು ತಿರುಗುಮುರುಗು. ಮೊದಲು ಬೆಲೆ ವಸೂಲಾಗುತ್ತದೆ, ಖರ್ಚು ಎಷ್ಟೆಂದು ಆಮೇಲೆ ತಿಳಿಯುತ್ತದೆ. ಕಾರಿನ ಗೀರು, ಒಡೆದ ಗಾಜು ಇಂಥವು ಕೆಲವು ತಿಂಗಳಲ್ಲಿ ಮುಗಿಯುತ್ತವೆ. ಅಪಘಾತದಲ್ಲಿ ಗಾಯಗೊಂಡ ಯುವಕನಿಗೆ ಜೀವನಪೂರ್ತಿ ಆರೈಕೆ ಬೇಕಾದರೆ ಆ ಒಂದು ಕ್ಲೇಮು ದಶಕಗಳವರೆಗೆ ನಡೆಯುತ್ತದೆ.

ಪ್ರೀಮಿಯಂ ಬಂದ ದಿನದಿಂದ ಕ್ಲೇಮು ಕೊಡುವ ದಿನದವರೆಗೆ ಆ ಹಣ ಕಂಪನಿಯ ಕೈಯಲ್ಲಿರುತ್ತದೆ. ಇದಕ್ಕೆ ಫ್ಲೋಟ್ ಎನ್ನುತ್ತಾರೆ. ಅದನ್ನು ಬಾಂಡ್, ಷೇರುಗಳಲ್ಲಿ ಹಾಕಿ ಬಂದ ಬಡ್ಡಿ ಕಂಪನಿಗೆ. ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಬೆಳೆದದ್ದೇ ಈ ಹಣದ ಮೇಲೆ. 2024ರ ಕೊನೆಗೆ ಅದರ ಬಳಿ ಸುಮಾರು 17,100 ಕೋಟಿ ಡಾಲರ್ ಫ್ಲೋಟ್ ಇತ್ತು. ಬಫೆಟ್ ಕೈಗೆ ಬಂದ ಮೇಲೆ ಆ ಕಂಪನಿ ಡಿವಿಡೆಂಡ್ ಕೊಟ್ಟಿದ್ದು ಒಂದೇ ಒಂದು ಸಲ, 1967ರಲ್ಲಿ, ಷೇರಿಗೆ 10 ಸೆಂಟ್. ಡಿವಿಡೆಂಡ್ ಹುಡುಕಿಕೊಂಡು ವಿಮೆಗೆ ಬರುವವರು ಇದನ್ನು ಒಮ್ಮೆ ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ವಿಮೆಯನ್ನು ಚೆನ್ನಾಗಿ ಬಲ್ಲವರೊಬ್ಬರು ಆ ದುಡ್ಡನ್ನು ಹಂಚದೆ ಒಳಗೇ ಇಟ್ಟುಕೊಂಡರು.

ಇನ್ನು ವಿಮೆಯ ಕೆಲಸದಲ್ಲೇ ಉಳಿಯುವ ಲಾಭ ಎಷ್ಟು ತೆಳು ಎಂದು ನೋಡಿ. 100 ರೂಪಾಯಿ ಪ್ರೀಮಿಯಂ ಬಂತು ಎನ್ನೋಣ. ಕ್ಲೇಮುಗಳಿಗೆ 65, ಕಮಿಷನ್, ಸಂಬಳ, ಜಾಹೀರಾತಿಗೆ 30. ಒಟ್ಟು 95. ಇದನ್ನೇ ಕಂಬೈನ್ಡ್ ರೇಷಿಯೊ ಶೇ 95 ಎನ್ನುತ್ತಾರೆ. ಉಳಿದದ್ದು 5. ಈಗ ಕ್ಲೇಮುಗಳು ಹತ್ತನೇ ಒಂದು ಭಾಗ ಮಾತ್ರ ಏರಲಿ. 65 ಇದ್ದದ್ದು 71.5 ಆಗುತ್ತದೆ, ಒಟ್ಟು 101.5. ಕ್ಲೇಮು ಏರಿದ್ದು ಶೇ 10, ಲಾಭ ಹೋದದ್ದು ಪೂರ್ತಿ, ಮೇಲೆ ಒಂದೂವರೆ ರೂಪಾಯಿ ನಷ್ಟ. ಡಿವಿಡೆಂಡ್ ನಿಂತಿರುವುದು ಆ 5 ರೂಪಾಯಿ ಮತ್ತು ಹೂಡಿಕೆಯ ಬಡ್ಡಿಯ ಮೇಲೆ.

ವಾರ್ಷಿಕ ವರದಿಯ ಹಿಂಬದಿಯ ಆ ಪುಟ

ಸಾಮಾನ್ಯ ವಿಮಾ ಕಂಪನಿಗಳ ವಾರ್ಷಿಕ ವರದಿಯ ಕೊನೆಯ ಭಾಗದಲ್ಲಿ, ನೋಟ್ಸ್ ನಡುವೆ, ಮೆಟ್ಟಿಲಿನ ಆಕಾರದ ಒಂದು ಕೋಷ್ಟಕ ಇರುತ್ತದೆ. ಹೆಸರು ಕ್ಲೇಮ್ಸ್ ಡೆವಲಪ್‌ಮೆಂಟ್. ಬಣ್ಣ ಬಣ್ಣದ ಮುಂಪುಟಗಳನ್ನು ಓದಿ ವರದಿ ಮುಚ್ಚಿಡುವವರು ಇಲ್ಲಿಗೆ ಬರುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಮೊದಲು ತೆರೆಯಬೇಕಾದ ಪುಟವೇ ಇದು. ಮುಖ್ಯಸ್ಥರ ಪತ್ರ ಆಮೇಲೆ ಓದಿದರೂ ನಡೆಯುತ್ತದೆ.

ಕೋಷ್ಟಕ ಹೇಳುವುದು ಇಷ್ಟು. ಒಂದು ವರ್ಷ ನಡೆದ ಅಪಘಾತಗಳಿಗೆಲ್ಲ ಕೊನೆಗೆ ಎಷ್ಟು ಕೊಡಬೇಕಾಗಬಹುದು ಎಂದು ಆ ವರ್ಷದ ಕೊನೆಗೆ ಕಂಪನಿ ಒಂದು ಅಂದಾಜು ಬರೆಯುತ್ತದೆ. ಉದಾಹರಣೆಗೆ 400 ಎಂದಿಟ್ಟುಕೊಳ್ಳಿ. ಮುಂದಿನ ವರ್ಷ, ಇನ್ನಷ್ಟು ಮಾಹಿತಿ ಬಂದ ಮೇಲೆ, ಅದೇ ಅಪಘಾತಗಳ ಅಂದಾಜನ್ನು ಮತ್ತೆ ಬರೆಯುತ್ತದೆ. ಹೀಗೆ ವರ್ಷ ವರ್ಷ. ಒಂದು ಕಂಪನಿಯಲ್ಲಿ ಆ ಅಂಕಿ 400, 390, 384, 380 ಎಂದು ಇಳಿಯುತ್ತಾ ಹೋಗುತ್ತದೆ. ಇನ್ನೊಂದರಲ್ಲಿ 400, 418, 437 ಎಂದು ಏರುತ್ತಾ ಹೋಗುತ್ತದೆ. ಮೊದಲನೆಯದು ಕೈ ಬಿಗಿಯಾಗಿಟ್ಟುಕೊಂಡು ಜಾಸ್ತಿಯೇ ತೆಗೆದಿಡುವ ಕಂಪನಿ. ಎರಡನೆಯದು ಮೊದಲ ವರ್ಷವೇ ಲಾಭ ಜಾಸ್ತಿ ತೋರಿಸಿ ಆಮೇಲೆ ದಂಡ ಕಟ್ಟುತ್ತಿರುವ ಕಂಪನಿ.

ಅಂದಾಜು 400ರಿಂದ 390ಕ್ಕೆ ಇಳಿದಾಗ ಆ 10 ಎಲ್ಲಿಗೆ ಹೋಗುತ್ತದೆ? ಈ ವರ್ಷದ ಲಾಭಕ್ಕೆ ಸೇರುತ್ತದೆ. ಹಿಂದೆ ತೆಗೆದಿಟ್ಟ ಮೀಸಲನ್ನು ಬಿಡುಗಡೆ ಮಾಡುವುದು ಎಂದರೆ ಇದೇ. ತಪ್ಪೇನೂ ಅಲ್ಲ. ಆದರೆ ಈ ವರ್ಷದ ವ್ಯಾಪಾರ ನಷ್ಟದಲ್ಲಿದ್ದರೂ ಹಳೆಯ ಮೀಸಲಿನಿಂದ ಲಾಭ ಚೆನ್ನಾಗಿ ಕಾಣಬಹುದು, ಡಿವಿಡೆಂಡ್ ಕೂಡ ಬರಬಹುದು. ಹಳೆಯ ಮೀಸಲು ತೀರುವವರೆಗೆ ಮಾತ್ರ. ಆದ್ದರಿಂದ ಲಾಭದಲ್ಲಿ ಎಷ್ಟು ಪಾಲು ಈ ವರ್ಷದ್ದು, ಎಷ್ಟು ಹಳೆಯ ವರ್ಷಗಳಿಂದ ಬಂದದ್ದು ಎಂದು ಬಿಡಿಸಿ ನೋಡಬೇಕು. ಬಹಳಷ್ಟು ಕಂಪನಿಗಳು ಈ ಲೆಕ್ಕವನ್ನು ಬೇರೆಯಾಗಿಯೇ ಕೊಡುತ್ತವೆ.

ಮೀಸಲಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ವಿಮಾ ಕಂಪನಿ ಆರ್‌ಎಸ್‌ಎಯ 2013 ಒಂದು ಕಹಿ ಪಾಠ. ಆ ವರ್ಷದ ಫೆಬ್ರುವರಿಯಲ್ಲೇ ಅದು ಡಿವಿಡೆಂಡನ್ನು ಮೂರನೇ ಒಂದು ಭಾಗ ಕಡಿತ ಮಾಡಿತು. ಇನ್ನು ಮುಂದೆ ಗಟ್ಟಿಯಾಗಿರುತ್ತದೆ ಎಂದು ನಂಬಿದವರು ಷೇರು ಇಟ್ಟುಕೊಂಡರು. ನವೆಂಬರ್‌ನಲ್ಲಿ ಐರ್ಲೆಂಡಿನ ಶಾಖೆಯ ಕ್ಲೇಮು ಲೆಕ್ಕದಲ್ಲಿ ಅಕ್ರಮ ಬಯಲಾಯಿತು. ಡಿಸೆಂಬರ್‌ನಲ್ಲಿ ಮುಖ್ಯಸ್ಥರು ಹುದ್ದೆ ಬಿಟ್ಟರು. ಆ ವರ್ಷದ ಅಂತಿಮ ಡಿವಿಡೆಂಡ್ ಪೂರ್ತಿ ಹೋಯಿತು. 2014ರಲ್ಲಿ ಕಂಪನಿ ಹಕ್ಕಿನ ಷೇರುಗಳ (ಈಗಿರುವ ಷೇರುದಾರರಿಗೇ ಮಾರುವ ಹೊಸ ಷೇರುಗಳು) ಮೂಲಕ 77.3 ಕೋಟಿ ಪೌಂಡ್ ಎತ್ತಿತು. ಅಂದರೆ ದುಡ್ಡು ಕೊಡಬೇಕಿದ್ದ ಕಂಪನಿ ಷೇರುದಾರರ ಬಳಿಯೇ ದುಡ್ಡು ಕೇಳಿಕೊಂಡು ಬಂತು. ಡಿವಿಡೆಂಡಿಗೆಂದು ಷೇರು ಕೊಂಡವರಿಗೆ ಇದಕ್ಕಿಂತ ಕೆಟ್ಟದ್ದು ಬೇರೇನಿದೆ?

ಇದು ಒಂದು ಶಾಖೆಯ ಕಥೆ. ಕಲ್ನಾರಿನದು (ಆಸ್ಬೆಸ್ಟಾಸ್) ಒಂದಿಡೀ ಮಾರುಕಟ್ಟೆಯ ಕಥೆ. ದಶಕಗಳ ಹಿಂದೆ ಬರೆದ ಪಾಲಿಸಿಗಳ ಮೇಲೆ, ಕಲ್ನಾರಿನ ದೂಳು ಕುಡಿದು ಕಾಯಿಲೆ ಬಿದ್ದ ಕಾರ್ಮಿಕರ ಪರಿಹಾರ ಬಂದು ಎರಗಿತು. ಅದರ ಜೊತೆ ದೊಡ್ಡ ದೊಡ್ಡ ದುರಂತಗಳೂ ಸೇರಿ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಗೆ 1988ರಿಂದ 1992ರವರೆಗಿನ ಐದು ವರ್ಷಗಳಲ್ಲಿ ಆದ ನಷ್ಟ ಸುಮಾರು 800 ಕೋಟಿ ಪೌಂಡ್. ಅಲ್ಲಿ ಹಣ ಹಾಕಿದ್ದವರ ಹೊಣೆಗೆ ಮಿತಿಯೇ ಇರಲಿಲ್ಲ, ಮನೆ ಮಾರಿದವರಿದ್ದಾರೆ. ಷೇರು ಕೊಳ್ಳುವವರಿಗೆ ಆ ಭಯವಿಲ್ಲ. ಹೋದರೆ ಹಾಕಿದಷ್ಟು ಹೋಗುತ್ತದೆ.

ಬಿರುಗಾಳಿಗಿಂತ ದೊಡ್ಡ ಅಪಾಯ

ವಿಮಾ ಷೇರು ಎಂದರೆ ತಕ್ಷಣ ಎಲ್ಲರಿಗೂ ಬರುವ ಹೆದರಿಕೆ ಭೂಕಂಪ, ಚಂಡಮಾರುತ, ಕಾಳ್ಗಿಚ್ಚು. ಹೆದರಬೇಕಾದ್ದೇ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ಫ್ಲಾರಿಡಾಕ್ಕೆ ಬಡಿದಾಗ ಹತ್ತಕ್ಕೂ ಹೆಚ್ಚು ಸಣ್ಣ ವಿಮಾ ಕಂಪನಿಗಳು ಮುಳುಗಿದವು. 2020ರಿಂದ 2024ರವರೆಗೆ ಪ್ರತಿ ವರ್ಷವೂ ಪ್ರಕೃತಿ ವಿಕೋಪಗಳಿಂದ ವಿಮೆಯ ಮೇಲೆ ಬಿದ್ದ ನಷ್ಟ 10,000 ಕೋಟಿ ಡಾಲರ್ ದಾಟಿದೆ. 2024ರದ್ದು ಸುಮಾರು 13,700 ಕೋಟಿ ಎಂದು, ವಿಮಾ ಕಂಪನಿಗಳಿಗೇ ವಿಮೆ ಕೊಡುವ ಸ್ವಿಸ್ ರೀ ಕಂಪನಿ ಲೆಕ್ಕ ಹಾಕಿತು. 2025ರ ಜನವರಿಯ ಲಾಸ್ ಏಂಜಲೀಸ್ ಬೆಂಕಿಯೊಂದೇ ಸುಮಾರು 4,000 ಕೋಟಿ ಡಾಲರ್.

ಆದರೆ ದೊಡ್ಡ ಕಂಪನಿಗಳ ಡಿವಿಡೆಂಡ್ ಸತ್ತ ಕಥೆಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ.

2011ನ್ನು ತೆಗೆದುಕೊಳ್ಳಿ. ಜಪಾನಿನಲ್ಲಿ ಭೂಕಂಪ ಮತ್ತು ಸುನಾಮಿ, ನ್ಯೂಜಿಲೆಂಡಿನಲ್ಲಿ ಭೂಕಂಪ, ಥಾಯ್ಲೆಂಡಿನಲ್ಲಿ ನೆರೆ. ಮರುವಿಮೆ ಕಂಪನಿಗಳ ಪಾಲಿಗೆ ಇದಕ್ಕಿಂತ ಕೆಟ್ಟ ವರ್ಷ ಕಡಿಮೆ. ವಿಮಾ ಕಂಪನಿಗಳಿಗೇ ವಿಮೆ ಕೊಡುವ ಮ್ಯೂನಿಕ್ ರೀ ಕಂಪನಿಯ ಲಾಭ ಹಿಂದಿನ ವರ್ಷದ 243 ಕೋಟಿ ಯೂರೊದಿಂದ ಸುಮಾರು 70 ಕೋಟಿಗೆ ಇಳಿಯಿತು. ಡಿವಿಡೆಂಡ್? ಹಿಂದಿನ ವರ್ಷದಷ್ಟೇ, ಷೇರಿಗೆ 6.25 ಯೂರೊ. ಒಟ್ಟು ಸುಮಾರು 110 ಕೋಟಿ, ಅಂದರೆ ಆ ವರ್ಷ ಗಳಿಸಿದ್ದಕ್ಕಿಂತ ಜಾಸ್ತಿ. ಗಂಟಿನಲ್ಲಿ ಇತ್ತು, ಕೊಟ್ಟರು. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಆ ಕಂಪನಿ ಡಿವಿಡೆಂಡ್ ಕಡಿತ ಮಾಡಿಲ್ಲ.

ಅದೇ ಮರುವಿಮೆಯ ಕೆಲಸ ಮಾಡುವ ಸ್ವಿಸ್ ರೀ 2008ಕ್ಕೆ ಕೊಟ್ಟ ಡಿವಿಡೆಂಡ್ ಷೇರಿಗೆ 0.10 ಫ್ರಾಂಕ್. ಹಿಂದಿನ ವರ್ಷ ಕೊಟ್ಟಿದ್ದು 4 ಫ್ರಾಂಕ್. ಕೆಡವಿದ್ದು ಭೂಕಂಪವಲ್ಲ, ಬಿರುಗಾಳಿಯೂ ಅಲ್ಲ. ಸಾಲಗಾರ ಕಟ್ಟದಿದ್ದರೆ ನಾವು ಕೊಡುತ್ತೇವೆ ಎಂದು ಸಾಲಗಳ ಮೇಲೆ ಬರೆದುಕೊಟ್ಟ ಖಾತರಿಗಳು ಮತ್ತು ಹೂಡಿಕೆಯ ನಷ್ಟ. ಬರ್ಕ್‌ಷೈರ್‌ನಿಂದ 300 ಕೋಟಿ ಫ್ರಾಂಕ್ ತರಬೇಕಾಯಿತು, ಅದೂ ಶೇ 12ರ ಬಡ್ಡಿಗೆ. ಅಮೆರಿಕದ ವಿಮಾ ಕಂಪನಿ ಎಐಜಿಯದ್ದೂ ಇದೇ ಜಾತಿಯ ಕಾಯಿಲೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಮೊದಲ ಕಂತಾಗಿ 8,500 ಕೋಟಿ ಡಾಲರ್ ಸಾಲ ಕೊಟ್ಟು ಅದನ್ನು ಉಳಿಸಿತು. ಷೇರುದಾರರಿಗೆ ಮತ್ತೆ ಡಿವಿಡೆಂಡ್ ಕಾಣಿಸಿದ್ದು 2013ರಲ್ಲಿ. ಅದರ ಮನೆ ವಿಮೆ, ಜೀವ ವಿಮೆ ವ್ಯಾಪಾರಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಮುಳುಗಿಸಿದ್ದು ಪಕ್ಕದ ಕೋಣೆಯಲ್ಲಿ ಕುಳಿತು ಸಾಲದ ಖಾತರಿ ಮಾರುತ್ತಿದ್ದ ಒಂದು ಸಣ್ಣ ವಿಭಾಗ.

ಇದರಿಂದ ನಾನು ಕಲಿತದ್ದು: ಕಂಪನಿ ಯಾವ ಅಪಾಯಕ್ಕೆ ವಿಮೆ ಕೊಡುತ್ತಿದೆ ಎಂದು ನೋಡುವಷ್ಟೇ ಗಮನವನ್ನು ಆ ಪ್ರೀಮಿಯಂ ಹಣ ಎಲ್ಲಿ ಕೂತಿದೆ ಎಂಬುದಕ್ಕೂ ಕೊಡಬೇಕು. ಬಿರುಗಾಳಿಗೆ ಬೆಲೆ ಕಟ್ಟುವುದು ಅವರ ಕಸುಬು. ಸಾಲಗಾರನಿಗೆ ಬೆಲೆ ಕಟ್ಟುವುದರಲ್ಲಿ ಅವರು ಎಡವಿದ್ದಾರೆ.

ಈ ಮಾತು ಇವತ್ತು ಜೀವ ವಿಮೆ ಕಂಪನಿಗಳಿಗೆ ಹೆಚ್ಚು ಅನ್ವಯಿಸುತ್ತದೆ. ಪಿಂಚಣಿಯ ಹೊಣೆ ಹೊತ್ತ ಕಂಪನಿಗಳು ಸರ್ಕಾರಿ ಬಾಂಡಿನಿಂದ ಸಿಗುವುದಕ್ಕಿಂತ ಸ್ವಲ್ಪ ಜಾಸ್ತಿ ಬಡ್ಡಿಗಾಗಿ ಖಾಸಗಿ ಸಾಲಗಳತ್ತ ಹೋಗುತ್ತಿವೆ. ಪೇಟೆಯಲ್ಲಿ ದಿನಾ ಬೆಲೆ ಕಾಣದ ಸಾಲಗಳು ಇವು. ಬೆಲೆ ಕಾಣುವುದಿಲ್ಲ ಎಂದರೆ ಇಳಿದದ್ದೂ ಕಾಣುವುದಿಲ್ಲ. ಹಲವು ದೇಶಗಳ ನಿಯಂತ್ರಕರು ಈ ಬಗ್ಗೆ ಎಚ್ಚರಿಸಿದ್ದಾರೆ. ನಾನಾದರೆ ಜೀವ ವಿಮೆ ಕಂಪನಿಯ ಷೇರು ಕೊಳ್ಳುವ ಮೊದಲು ಅದರ ಆಸ್ತಿಯಲ್ಲಿ ಇಂಥ ಸಾಲಗಳ ಪಾಲು ಎಷ್ಟು, ಅದು ಮೂರು ವರ್ಷದಲ್ಲಿ ಎಷ್ಟು ಏರಿದೆ ಎಂದು ಹುಡುಕುತ್ತೇನೆ.

ಬಡ್ಡಿದರದ ಆಟ ಜೀವ ವಿಮೆಯಲ್ಲಿ ಎರಡೂ ಕಡೆಯಿಂದ ಕೊಯ್ಯುತ್ತದೆ. ಜಪಾನಿನ ಜೀವ ವಿಮಾ ಕಂಪನಿಗಳು 1980ರ ದಶಕದಲ್ಲಿ ಶೇ 5.5ರ ಆಸುಪಾಸಿನ ಲಾಭದ ಖಾತರಿ ಕೊಟ್ಟು ಪಾಲಿಸಿ ಮಾರಿದವು. ಆಮೇಲೆ ಬಡ್ಡಿದರ ನೆಲಕಚ್ಚಿತು, ಕೊಟ್ಟ ಮಾತು ಹಾಗೇ ಉಳಿಯಿತು. 1997ರಿಂದ 2001ರೊಳಗೆ ಏಳು ಕಂಪನಿಗಳು ಬಿದ್ದವು. ಇಟಲಿಯ ಯೂರೋವಿಟಾದಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. 2022ರಲ್ಲಿ ಬಡ್ಡಿದರ ಏರಿತು, ಅದರ ಬಳಿ ಇದ್ದ ಹಳೆಯ ಬಾಂಡುಗಳ ಬೆಲೆ ಇಳಿಯಿತು. ಬೇರೆಡೆ ಹೆಚ್ಚು ಬಡ್ಡಿ ಸಿಗುವಾಗ ಪಾಲಿಸಿದಾರರು ಹಣ ವಾಪಸ್ ಪಡೆಯಲು ಹೊರಟರು. 2023ರ ಆರಂಭದಲ್ಲಿ ಹಣ ಹಿಂಪಡೆಯುವುದನ್ನೇ ನಿಯಂತ್ರಕರು ತಡೆಹಿಡಿದರು. ಕೊನೆಗೆ ಐದು ದೊಡ್ಡ ವಿಮಾ ಕಂಪನಿಗಳು ಸೇರಿ ಆ ಪಾಲಿಸಿಗಳನ್ನು ವಹಿಸಿಕೊಂಡವು.

ಡಿವಿಡೆಂಡ್ ಕೊಡುವವರು ಯಾರು?

ನಿರ್ದೇಶಕ ಮಂಡಳಿ ಎನ್ನುವುದು ಪಠ್ಯಪುಸ್ತಕದ ಉತ್ತರ. ವಿಮೆಯಲ್ಲಿ ಆ ಮಂಡಳಿಯ ಬೆನ್ನ ಹಿಂದೆ ನಿಯಂತ್ರಕರು ನಿಂತಿರುತ್ತಾರೆ. ಯುರೋಪಿನಲ್ಲಿ 2016ರ ಜನವರಿಯಿಂದ ಸಾಲ್ವೆನ್ಸಿ 2 ಎಂಬ ನಿಯಮ ಜಾರಿಯಲ್ಲಿದೆ. ಇನ್ನೂರು ವರ್ಷಕ್ಕೊಮ್ಮೆ ಬರುವಂಥ ಕೆಟ್ಟ ವರ್ಷ ಬಂದರೂ ತಡೆದುಕೊಳ್ಳುವಷ್ಟು ಬಂಡವಾಳ ಕಂಪನಿಯಲ್ಲಿ ಇರಬೇಕು. ಅಷ್ಟೇ ಇದ್ದರೆ ಸಾಲ್ವೆನ್ಸಿ ಅನುಪಾತ ಶೇ 100. ಎರಡರಷ್ಟಿದ್ದರೆ ಶೇ 200.

ಕಂಪನಿಗಳು ತಮಗೆ ತಾವೇ ಒಂದು ಗೆರೆ ಹಾಕಿಕೊಂಡಿರುತ್ತವೆ. ಡೈರೆಕ್ಟ್ ಲೈನ್ ಹಾಕಿಕೊಂಡಿದ್ದು 140ರಿಂದ 180. ಅದು ಈ ಗೆರೆಯ ಕೆಳತುದಿಗೆ ಜಾರಿತು, ಡಿವಿಡೆಂಡ್ ನಿಂತಿತು. ಹಂಚಲು ಸಿಗುವುದು ಲಾಭ ಅಲ್ಲ, ಈ ಗೆರೆಯ ಮೇಲೆ ಉಳಿದ ಬಂಡವಾಳ. ಹಾಗಾಗಿ ಲಾಭಕ್ಕೆ ಹೋಲಿಸಿ ಡಿವಿಡೆಂಡ್ ಭದ್ರವಾಗಿದೆಯಾ ಎಂದು ನೋಡುವ ಮಾಮೂಲಿ ಲೆಕ್ಕ ಇಲ್ಲಿ ಸಾಲದು. ಡಿವಿಡೆಂಡ್ ಕೊಟ್ಟ ಮೇಲೆ ಸಾಲ್ವೆನ್ಸಿ ಎಷ್ಟಿದೆ, ಹಿಂದಿನ ವರ್ಷಕ್ಕಿಂತ ಏರಿದೆಯಾ, ಇಳಿದಿದೆಯಾ, ಅದನ್ನು ನೋಡಬೇಕು. ಷೇರುಪೇಟೆ ಬಿದ್ದರೆ, ಬಡ್ಡಿದರ ಬದಲಾದರೆ ಅನುಪಾತ ಎಷ್ಟು ಕದಲುತ್ತದೆ ಎಂಬ ಪಟ್ಟಿಯನ್ನೂ ದೊಡ್ಡ ಕಂಪನಿಗಳು ಕೊಡುತ್ತವೆ. ಇನ್ನೊಂದು ವಿಷಯ. ಷೇರುಪೇಟೆಯಲ್ಲಿರುವುದು ಸಾಮಾನ್ಯವಾಗಿ ಮಾತೃ ಕಂಪನಿ. ದುಡ್ಡು ಗಳಿಸುವುದು ಅದರ ಕೆಳಗಿನ ಮರಿ ಕಂಪನಿಗಳು. ಅವುಗಳಿಂದ ನಗದು ಮೇಲೆ ಬಂದರೆ ಮಾತ್ರ ನಮಗೆ ಡಿವಿಡೆಂಡ್. ಹಾಗೆ ಬಂದ ನಗದು ಡಿವಿಡೆಂಡಿಗಿಂತ ಕಡಿಮೆ ಇದ್ದರೆ ನಾನು ಆ ಷೇರಿನಿಂದ ದೂರ ಇರುತ್ತೇನೆ.

2020ರ ಏಪ್ರಿಲ್ ಈ ಪಾಠವನ್ನು ಜೋರಾಗಿಯೇ ಕಲಿಸಿತು. ಕೋವಿಡ್ ಶುರುವಾದಾಗ ಯುರೋಪಿನ ವಿಮಾ ಪ್ರಾಧಿಕಾರ, ಡಿವಿಡೆಂಡ್ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಕಂಪನಿಗಳಿಗೆ ಹೇಳಿತು. ಬ್ರಿಟನ್ನಿನ ನಿಯಂತ್ರಕರೂ ಎಚ್ಚರಿಕೆಯಿಂದಿರಿ ಎಂದರು. ಏಪ್ರಿಲ್ 8ರಂದು ಅವಿವಾ, ಆರ್‌ಎಸ್‌ಎ, ಡೈರೆಕ್ಟ್ ಲೈನ್, ಹಿಸ್ಕಾಕ್ಸ್ ನಾಲ್ಕೂ ಒಂದೇ ದಿನ ತಮ್ಮ ಡಿವಿಡೆಂಡ್ ವಾಪಸ್ ತೆಗೆದುಕೊಂಡವು. ಅವಿವಾ ಘೋಷಿಸಿದ್ದ 21.4 ಪೆನ್ಸ್, ಷೇರುದಾರರ ಖಾತೆಗೆ ಬರುವ ಮೊದಲೇ ಇಲ್ಲವಾಯಿತು. ಲೀಗಲ್ ಅಂಡ್ ಜನರಲ್ ಮಾತ್ರ ತನ್ನ ಮಾತಿನಂತೆ 12.64 ಪೆನ್ಸ್ ಕೊಟ್ಟಿತು. ಒಂದೇ ದೇಶ, ಒಂದೇ ನಿಯಂತ್ರಕರು, ತೀರ್ಮಾನ ಮಾತ್ರ ಬೇರೆ ಬೇರೆ.

ಐದು ಬೇರೆ ಬೇರೆ ವಿಮಾ ಕಂಪನಿಗಳ ಷೇರು ಇಟ್ಟುಕೊಂಡರೆ ಅಪಾಯ ಹಂಚಿಹೋಗುತ್ತದೆ ಎಂದು ತಿಳಿದವರು ಆ ದಿನವನ್ನು ನೋಡಬೇಕು. 2008ರಲ್ಲೂ ಹೀಗೇ ಆಗಿತ್ತು. ಸ್ವಿಸ್ ರೀ ಕಥೆ ಮೇಲೆ ಹೇಳಿದೆ. ಅದೇ ವರ್ಷಕ್ಕೆ ಅಲಿಯಾಂಜ್ ಡಿವಿಡೆಂಡ್ 5.50 ಯೂರೊದಿಂದ 3.50ಕ್ಕೆ ಇಳಿಯಿತು. ಲೀಗಲ್ ಅಂಡ್ ಜನರಲ್ ಕೂಡ ಆಗ ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡಿತು. ಮಾಮೂಲಿ ದಿನಗಳಲ್ಲಿ ಕಾರು ವಿಮೆ ಬೇರೆ, ಪಿಂಚಣಿ ಬೇರೆ, ಮರುವಿಮೆ ಬೇರೆ. ಹಣಕಾಸು ಪೇಟೆಯೇ ಕುಸಿದಾಗ ಎಲ್ಲ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ.

ಇಳುವರಿ ಎಂಬ ಅಂಕಿ

ಇಳುವರಿ ಅಂದರೆ ಹೋದ ವರ್ಷದ ಡಿವಿಡೆಂಡನ್ನು ಇವತ್ತಿನ ಬೆಲೆಯಿಂದ ಭಾಗಿಸಿದ್ದು. ಮೇಲಿನ ಅಂಕಿ ಹಳೆಯದು, ಕೆಳಗಿನದು ಹೊಸದು. ಷೇರಿನ ಬೆಲೆ ಅರ್ಧಕ್ಕೆ ಇಳಿದರೆ ಶೇ 5ರ ಇಳುವರಿ ಕುಳಿತಲ್ಲೇ ಶೇ 10 ಆಗುತ್ತದೆ. ಕಂಪನಿ ಒಂದು ಪೈಸೆಯೂ ಜಾಸ್ತಿ ಕೊಟ್ಟಿರುವುದಿಲ್ಲ.

ಹಾಗಂತ ಇಳುವರಿ ಜಾಸ್ತಿ ಇದ್ದ ಕೂಡಲೇ ಕಡಿತ ಬಂತು ಎಂದು ಓಡುವುದೂ ಸರಿಯಲ್ಲ. ಲೀಗಲ್ ಅಂಡ್ ಜನರಲ್ ಇಳುವರಿ ಇತ್ತೀಚಿನ ವರ್ಷಗಳಲ್ಲಿ ಶೇ 8ರಿಂದ 9ರಲ್ಲಿ ಓಡಾಡಿದೆ. ಈಗಿನವರೆಗೆ ತಪ್ಪದೆ ಕೊಟ್ಟಿದೆ. ಆದರೆ 2024ರ ಜೂನ್‌ನಲ್ಲಿ, ವರ್ಷಕ್ಕೆ ಶೇ 5ರಂತೆ ಏರಿಸುತ್ತಿದ್ದ ಡಿವಿಡೆಂಡನ್ನು ಇನ್ನು ಶೇ 2ರಂತೆ ಏರಿಸುತ್ತೇವೆ ಎಂದು ಹೇಳಿತು. ಷೇರಿನ ಬೆಲೆ 2025ರಲ್ಲೂ ಹತ್ತು ವರ್ಷದ ಹಿಂದಿನ ಆಸುಪಾಸಿನಲ್ಲೇ ಇತ್ತು. ಸಿಕ್ಕಿದ ಲಾಭವೆಲ್ಲ ಡಿವಿಡೆಂಡಿನಿಂದಲೇ. ತಿಂಗಳ ಖರ್ಚಿಗೆ ಆದಾಯ ಬೇಕಾದ ಹಿರಿಯರಿಗೆ ಇದು ಒಪ್ಪುವ ವ್ಯವಹಾರ. ಇನ್ನೂ ಇಪ್ಪತ್ತೈದು ವರ್ಷ ಕೆಲಸ ಮಾಡುವವರಿಗೆ ಅಷ್ಟಾಗಿ ಅಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. 100 ಹಾಕಿದರೆ ವರ್ಷಕ್ಕೆ 8 ಕೊಡುವ, ಆದರೆ ಏರದ ಒಂದು ಷೇರು. 5ರಿಂದ ಶುರುವಾಗಿ ವರ್ಷಕ್ಕೆ ಶೇ 7ರಂತೆ ಡಿವಿಡೆಂಡ್ ಏರುವ ಇನ್ನೊಂದು. ಎರಡನೆಯದು ಕೊಡುವ ವಾರ್ಷಿಕ ಮೊತ್ತ ಮೊದಲನೆಯದರ ಮಟ್ಟಕ್ಕೆ ಬರುವುದು ಎಂಟನೇ ವರ್ಷದಲ್ಲಿ. ಮೊದಲಿನಿಂದ ಕೈಗೆ ಬಂದದ್ದನ್ನೆಲ್ಲ ಕೂಡಿಸಿ ನೋಡಿದರೆ ಹದಿಮೂರನೇ ವರ್ಷದ ಕೊನೆಯವರೆಗೂ ಮೊದಲನೆಯದೇ ಮುಂದೆ. ಜಾಸ್ತಿ ಇಳುವರಿಯವರ ವಾದ ಇದೇ, ಅದರಲ್ಲಿ ಸತ್ಯ ಇದೆ. ಈಗ ಆ ಮೊದಲ ಷೇರು ನಾಲ್ಕನೇ ವರ್ಷ ಡಿವಿಡೆಂಡನ್ನು 4ಕ್ಕೆ ಇಳಿಸಲಿ. ಏಳನೇ ವರ್ಷಕ್ಕೆ ಮೊದಲನೆಯದರಿಂದ ಬಂದದ್ದು ಒಟ್ಟು 40, ಎರಡನೆಯದರಿಂದ 43. ಒಂದೇ ಕಡಿತಕ್ಕೆ ಲೆಕ್ಕ ಮಗುಚಿತು. ಕಡಿತವಾದ ದಿನ ಬಿದ್ದ ಷೇರಿನ ಬೆಲೆಯನ್ನು ನಾನು ಇದರಲ್ಲಿ ಸೇರಿಸಿಯೇ ಇಲ್ಲ.

ಡಿವಿಡೆಂಡ್ ಏರಿಳಿಯುತ್ತದೆ ಎಂದು ಮೊದಲೇ ಹೇಳಿಬಿಡುವ ಕಂಪನಿಗಳೂ ಇವೆ. ಕಾರು ವಿಮೆಯ ಅಡ್ಮಿರಲ್ ಲಾಭದಲ್ಲಿ ಒಂದು ಪಾಲನ್ನು ಮಾಮೂಲಿ ಡಿವಿಡೆಂಡಾಗಿ ಕೊಡುತ್ತದೆ, ಮಿಗುವ ಬಂಡವಾಳವನ್ನು ವಿಶೇಷ ಡಿವಿಡೆಂಡಾಗಿ ಹಂಚುತ್ತದೆ. 2021ಕ್ಕೆ ಷೇರಿಗೆ 279 ಪೆನ್ಸ್ ಕೊಟ್ಟಿತು. ಅದರಲ್ಲಿ ಒಂದು ವ್ಯಾಪಾರ ಮಾರಿದ ದುಡ್ಡೂ ಸೇರಿತ್ತು. 2023ಕ್ಕೆ 103 ಪೆನ್ಸ್, 2024ಕ್ಕೆ 192. ಡೈರೆಕ್ಟ್ ಲೈನ್ ಅನ್ನು ಮಲಗಿಸಿದ ಅದೇ ಬೆಲೆಯೇರಿಕೆ ಇದಕ್ಕೂ ತಾಗಿತ್ತು, ಆದರೆ ಇದು ಪ್ರೀಮಿಯಂ ಬೇಗ ಏರಿಸಿತ್ತು. ನನಗೆ ಇಂಥ ಕಂಪನಿಗಳ ಮೇಲೆ ಹೆಚ್ಚು ಭರವಸೆ. ಏರುಪೇರನ್ನು ಅವು ಮುಚ್ಚಿಡುವುದಿಲ್ಲ. ನಾವು ಮಾತ್ರ 279ನ್ನು ನಂಬಿ ಮನೆ ಖರ್ಚು ಹಾಕಿಕೊಳ್ಳಬಾರದು. 100 ಪೆನ್ಸ್ ಬರುತ್ತದೆ ಎಂದಷ್ಟೇ ಹಾಕಿಕೊಂಡರೆ ನೆಮ್ಮದಿ.

ಈಗಿನ ಪರಿಸ್ಥಿತಿ ನೋಡುವಾಗ ಇದು ಇನ್ನೂ ಮುಖ್ಯ. 2023ರ ಜನವರಿಯಲ್ಲಿ ಮರುವಿಮೆಯ ದರ ಜೋರಾಗಿ ಏರಿತು, ಬಡ್ಡಿದರವೂ ಏರಿತ್ತು. ಎರಡೂ ಕಡೆಯಿಂದ ದುಡ್ಡು ಬಂದು 2023 ಮತ್ತು 2024 ಈ ಕಂಪನಿಗಳಿಗೆ ಬಹಳ ಒಳ್ಳೆಯ ವರ್ಷಗಳಾದವು. ಮ್ಯೂನಿಕ್ ರೀ 2024ಕ್ಕೆ ಷೇರಿಗೆ 20 ಯೂರೊ ಕೊಟ್ಟಿತು, 2011ರ ಮೂರು ಪಟ್ಟಿಗೂ ಮಿಗಿಲು. ಲಾಭ ಕಂಡ ಕಡೆ ಬಂಡವಾಳ ನುಗ್ಗುತ್ತದೆ, ಪೈಪೋಟಿ ಬರುತ್ತದೆ, ದರ ಇಳಿಯುತ್ತದೆ. 2025ರಲ್ಲಿ ಮರುವಿಮೆಯ ದರ ಇಳಿಯತೊಡಗಿತು, ಬ್ರಿಟನ್ನಿನ ಕಾರು ವಿಮೆಯ ಪ್ರೀಮಿಯಂ ಕೂಡ. ಇವತ್ತು ಪರದೆಯ ಮೇಲೆ ಕಾಣುವ ಇಳುವರಿಗಳು ಒಳ್ಳೆಯ ವರ್ಷಗಳ ಲಾಭದಿಂದ ಹುಟ್ಟಿದವು. ಈಗ ಕಡಿಮೆ ದರಕ್ಕೆ ಬರೆಯುತ್ತಿರುವ ಪಾಲಿಸಿಗಳ ಫಲ ಗೊತ್ತಾಗುವುದು ಎರಡು ಮೂರು ವರ್ಷದ ಮೇಲೆ, ಆ ಮೆಟ್ಟಿಲು ಕೋಷ್ಟಕದಲ್ಲಿ.

ಡೈರೆಕ್ಟ್ ಲೈನ್ ಕಥೆ 2023ಕ್ಕೇ ಮುಗಿಯಲಿಲ್ಲ. ಆ ಜನವರಿಯಲ್ಲೇ ಮುಖ್ಯಸ್ಥರು ಹೋದರು. ಕಂಪನಿಗಳಿಗೆ ವಿಮೆ ಕೊಡುವ ಒಂದು ವಿಭಾಗವನ್ನು ಮಾರಿ ಬಂಡವಾಳ ತುಂಬಿಸಿಕೊಂಡರು. 2023ಕ್ಕೆ ಕೊಟ್ಟ ಡಿವಿಡೆಂಡ್ 4 ಪೆನ್ಸ್. 2024ರ ಡಿಸೆಂಬರ್‌ನಲ್ಲಿ ಅವಿವಾ ಅದನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು, ಷೇರಿಗೆ ಸುಮಾರು 275 ಪೆನ್ಸ್ ಲೆಕ್ಕದಲ್ಲಿ. 2025ರಲ್ಲಿ ಖರೀದಿ ಮುಗಿಯಿತು. ಚಳಿಗೆ ಮೊದಲು ಇದ್ದ ಬೆಲೆಗಿಂತ ಅದು ಜಾಸ್ತಿಯೇ. ಎರಡು ವರ್ಷ ಹೆಚ್ಚಿನ ಆದಾಯವಿಲ್ಲದೆ ಕಾಯಲು ಆದವರಿಗೆ ಆ 275 ಸಿಕ್ಕಿತು. ಡಿವಿಡೆಂಡ್ ನಿಂತ ಮೇಲೆ ಖರ್ಚಿಗೆಂದು 2023ರ ನಡುವಿನಲ್ಲಿ ಷೇರು ಮಾರಬೇಕಾಗಿ ಬಂದವರಿಗೆ ಸಿಕ್ಕಿದ್ದು 150ರ ಆಸುಪಾಸು.